ಹೊಳೆಯ ತಳದಲ್ಲಿ ಉಣ್ಣುವವರು

ತುಂಗಭದ್ರಾ ಡ್ಯಾಂ ತುಂಬಿ ಗೇಟು ಎತ್ತಿದರೆಂಬ ಸುದ್ದಿ ಬಂದರೆ ಸಾಕು, ಹೊಸಪೇಟೆಯ ಹುಡುಗ ಹುಡುಗಿಯರೆಲ್ಲ ಬೈಕ್ ಹತ್ತಿ ಹೊರಟುಬಿಡುತ್ತೀರಿ. ಹೋಗಿ, ನೋಡಿ. ನಮ್ಮ ಸೀಮೆಯ ಬೇಸಿಗೆಯನ್ನು ಉಂಡವರಿಗೆ ಆ ನೀರನ್ನು ಕಣ್ತುಂಬ ನೋಡುವ ಹಕ್ಕಿದೆ. ಆದರೆ ನೀವು ನೋಡುವುದೂ ಫೋಟೊ ತೆಗೆಯುವುದೂ ಮೇಲಿನ ನೀರನ್ನು. ಇವತ್ತು ನಾನು ಮಾತಾಡಬೇಕೆಂದಿರುವುದು ಆ ನೀರಿನ ಅಡಿಯಲ್ಲಿ, ಮರಳು ಮತ್ತು ಹೂಳಿನೊಳಗೆ ಬದುಕುವವರ ಬಗ್ಗೆ. ಕಪ್ಪೆಚಿಪ್ಪು, ಬಸವನಹುಳು, ಏಡಿ, ಸೀಗಡಿ, ಕೆಸರಿನ ಕೆಂಪು ಹುಳು. ಬೆನ್ನೆಲುಬಿಲ್ಲದ, ಸದ್ದು ಮಾಡದ ಜೀವಗಳು. ಅವುಗಳ ಊಟದಲ್ಲಿ ನಾವು ಏನು ಬೆರೆಸುತ್ತಿದ್ದೇವೆ ಎಂಬುದು ನಿಮಗೆ ಗೊತ್ತಿರಬೇಕು. ಅದನ್ನು ನಿಲ್ಲಿಸುವಷ್ಟು ವಯಸ್ಸು ಇನ್ನೂ ನಿಮ್ಮ ಮುಂದಿದೆ.

ನಾನು ಹುಡುಗನಾಗಿದ್ದಾಗ ಬೇಸಿಗೆಯಲ್ಲಿ ಹಂಪಿಯ ಹೊಳೆ ಬಂಡೆಗಳ ಮಧ್ಯೆ ಮಡು ಮಡುವಾಗಿ ನಿಲ್ಲುತ್ತಿತ್ತು. ಮೊಣಕಾಲುದ್ದ ನೀರಿನಲ್ಲಿ ಕಾಲಾಡಿಸಿದರೆ ಕಪ್ಪೆಚಿಪ್ಪು ತಗಲುತ್ತಿತ್ತು. ಖಾಲಿ ಚಿಪ್ಪನ್ನು ಬಂಡೆಗೆ ತಿಕ್ಕಿ ನಡುವೆ ತೂತು ಮಾಡಿ, ಅದರಲ್ಲೇ ಮಾವಿನಕಾಯಿ ಸಿಪ್ಪೆ ಹೆರೆಯುತ್ತಿದ್ದೆವು. ಅಂಗಡಿಯವನು ಬೆಲ್ಲವನ್ನು ಕಾಗದದಲ್ಲಿ ಕಟ್ಟಿಕೊಡುತ್ತಿದ್ದ. ಎಣ್ಣೆಗೆ ಮನೆಯಿಂದಲೇ ಬಾಟಲಿ ಒಯ್ಯಬೇಕಿತ್ತು. ಜಾತ್ರೆಯಲ್ಲಿ ಒಗ್ಗರಣೆ ಮಂಡಾಳು, ಮಿರ್ಚಿ ಮುತ್ತುಗದ ಎಲೆಯಲ್ಲಿ ಬರುತ್ತಿದ್ದವು. ಅದೆಲ್ಲ ಸುವರ್ಣಯುಗವಾಗಿತ್ತೆಂದು ನಾನು ಹೇಳಲಾರೆ. ಕಾಲರಾ ಇತ್ತು, ಬರ ಇತ್ತು, ಒಂದು ಕೊಡ ನೀರಿಗಾಗಿ ಹೆಣ್ಣುಮಕ್ಕಳು ಮೈಲಿಗಟ್ಟಲೆ ನಡೆಯುತ್ತಿದ್ದರು. ನಾವು ಒಳ್ಳೆಯವರಾಗಿದ್ದೆವು ಎಂಬ ಕಾರಣಕ್ಕೆ ಹೊಳೆ ಚೆನ್ನಾಗಿರಲಿಲ್ಲ. ನಾವು ಎಸೆದದ್ದು ಕೊಳೆಯುತ್ತಿತ್ತು, ಅಷ್ಟೇ.

ಈಗ ಎಸೆದದ್ದು ಕೊಳೆಯುವುದಿಲ್ಲ, ಪುಡಿಯಾಗುತ್ತದೆ. ಐದು ಮಿಲಿಮೀಟರಿಗಿಂತ ಚಿಕ್ಕ ಚೂರುಗಳಿಗೆ ಮೈಕ್ರೋಪ್ಲಾಸ್ಟಿಕ್ ಎನ್ನುತ್ತಾರೆ. ಇಂಗ್ಲೆಂಡಿನ ರಿಚರ್ಡ್ ಥಾಂಪ್ಸನ್ ಮತ್ತು ಅವರ ಜೊತೆಗಾರರು ಸಮುದ್ರದ ಕೆಸರಿನಲ್ಲಿ ಇಂಥ ಚೂರುಗಳು ಸೇರಿಕೊಂಡಿರುವುದನ್ನು 2004ರಲ್ಲಿ ಲೋಕದ ಗಮನಕ್ಕೆ ತಂದರು. ನಮ್ಮ ಸೀಮೆಯಲ್ಲಿ ಈ ಪುಡಿಯಾಗುವ ಕೆಲಸ ಬಲುಬೇಗ ಆಗುತ್ತದೆ ಎಂಬುದನ್ನು ಗಮನದಲ್ಲಿಡಿ. ನಲವತ್ತು ಡಿಗ್ರಿ ದಾಟುವ ಬಳ್ಳಾರಿ ಸೀಮೆಯ ಬಿಸಿಲಿಗೆ ಬಿದ್ದ ಕವರು, ಗೊಬ್ಬರದ ಚೀಲ, ಹುಲ್ಲುಬಣವೆಗೆ ಹೊದಿಸಿದ ಹಳೇ ಫ್ಲೆಕ್ಸು ಒಂದೆರಡು ಬೇಸಿಗೆಯಲ್ಲೇ ಸೆಟೆದು, ಮುಟ್ಟಿದರೆ ಉದುರುವ ಹಾಗಾಗುತ್ತವೆ. ಮೊದಲ ಮಳೆ ಬಂದರೆ ಉದುರಿದ್ದೆಲ್ಲ ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ. ನಿಮ್ಮ ಸ್ನೇಹಿತನ ಹುಟ್ಟುಹಬ್ಬಕ್ಕೆ ಸರ್ಕಲ್ಲಿನಲ್ಲಿ ಕಟ್ಟಿದ ಫ್ಲೆಕ್ಸಿನಲ್ಲಿ ನಗುತ್ತಿದ್ದ ಮುಖಗಳೂ ಕೊನೆಗೆ ಅಲ್ಲಿಗೇ ಹೋಗುತ್ತವೆ. ರಾಜ್ಯ ಸರ್ಕಾರ 2016ರ ಮಾರ್ಚ್‌ನಲ್ಲೇ ಕ್ಯಾರಿ ಬ್ಯಾಗು, ಫ್ಲೆಕ್ಸು, ಥರ್ಮೊಕೋಲ್ ತಟ್ಟೆಗಳನ್ನೆಲ್ಲ ನಿಷೇಧಿಸಿತು. 2022ರ ಜುಲೈ 1ರಿಂದ ಕೇಂದ್ರದ ನಿಷೇಧವೂ ಬಂತು. ನಿಷೇಧವಾದ ಮೇಲೂ ಊರಲ್ಲಿ ಫ್ಲೆಕ್ಸು ಎಷ್ಟಿವೆ ಎಂದು ನಾನು ಹೇಳಬೇಕಾಗಿಲ್ಲ, ತಲೆ ಎತ್ತಿದರೆ ಕಾಣುತ್ತದೆ.

ಪ್ಲಾಸ್ಟಿಕ್ ತೇಲುತ್ತದಲ್ಲ, ತಳಕ್ಕೆ ಹೇಗೆ ಹೋಗುತ್ತದೆ ಎಂದು ನೀವು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. ಕೆಲವು ಜಾತಿಯ ಪ್ಲಾಸ್ಟಿಕ್, ನೀರಿನ ಬಾಟಲಿಯದು, ಪಾಲಿಯೆಸ್ಟರ್ ನೂಲಿನದು, ನೀರಿಗಿಂತ ಭಾರ. ಅವು ತಾವಾಗಿಯೇ ಮುಳುಗುತ್ತವೆ. ಹಗುರವಾದವುಗಳ ಮೇಲೆ ನೀರಿನ ಪಾಚಿ, ಸೂಕ್ಷ್ಮಜೀವಿಗಳು ಲೋಳೆಯಾಗಿ ಕಟ್ಟುತ್ತವೆ, ಮಣ್ಣಿನ ಕಣ ಅಂಟುತ್ತದೆ, ತೂಕ ಹೆಚ್ಚಿ ಅವೂ ನಿಧಾನವಾಗಿ ಇಳಿಯುತ್ತವೆ. ಹರಿವು ನಿಂತಲ್ಲಿ ಈ ಇಳಿಯುವಿಕೆ ಜಾಸ್ತಿ. ತುಂಗಾ, ಭದ್ರಾ ಕೂಡ್ಲಿಯಲ್ಲಿ ಸೇರಿ ಹರಿದು ಬರುವ ನೀರು ಸಾವಕಾಶವಾಗಿ ನಿಲ್ಲುವ ಮೊದಲ ದೊಡ್ಡ ಜಾಗ ಯಾವುದು? ನಮ್ಮ ಟಿಬಿ ಡ್ಯಾಂ. ಶಿವಮೊಗ್ಗ, ದಾವಣಗೆರೆ, ಹರಿಹರ, ಹಾವೇರಿ ಸೀಮೆಯ ಚರಂಡಿ, ಹೊಲ, ರಸ್ತೆಗಳ ತೊಳೆದ ನೀರೆಲ್ಲ ಬಂದು ದಣಿವಾರಿಸಿಕೊಳ್ಳುವುದು ಇಲ್ಲೇ.

1953ರಲ್ಲಿ ಡ್ಯಾಮಿನಲ್ಲಿ ನೀರು ನಿಂತಾಗ ಅದರ ಸಾಮರ್ಥ್ಯ ಸುಮಾರು 133 ಟಿಎಂಸಿ. ಈಗ ಸುಮಾರು 105. ಮಿಕ್ಕ ಜಾಗವನ್ನು ಹೂಳು ತುಂಬಿಕೊಂಡಿದೆ. ಹೂಳಿನ ಮಾತು ಬಂದಾಗಲೆಲ್ಲ ನಮ್ಮವರು ಎಷ್ಟು ಎಕರೆಗೆ ನೀರು ತಪ್ಪಿತೆಂದು ಲೆಕ್ಕ ಹಾಕುತ್ತಾರೆ. ಸರಿ, ರೈತನಿಗೆ ಅದೇ ದೊಡ್ಡದು. ಆದರೆ ಆ ಹೂಳು ಬರೀ ಮಣ್ಣಲ್ಲ, ಅದೊಂದು ವಸತಿ. ಅದರ ಅಡಿಪದರ ನನ್ನ ತಂದೆಯ ಕಾಲದ್ದು. ಅಲ್ಲಿ ಪ್ಲಾಸ್ಟಿಕ್ ಸಿಗಲಿಕ್ಕಿಲ್ಲ. ಮೇಲಿನ ಪದರ ನನ್ನ ಮತ್ತು ನಿಮ್ಮ ಕಾಲದ್ದು. ಹುಳುಗಳು ಉಣ್ಣುವುದು ಮೇಲಿನ ಪದರದಲ್ಲಿ.

ಕಪ್ಪೆಚಿಪ್ಪಿನ ಕೆಲಸವನ್ನು ಗಮನಿಸಿ. ಅದು ಮರಳಲ್ಲಿ ಅರ್ಧ ಹುದುಗಿ ಕೂತು, ನೀರನ್ನು ಒಳಕ್ಕೆಳೆದು, ಅದರಲ್ಲಿರುವ ಪಾಚಿ ಕಣಗಳನ್ನು ತಿಂದು, ತಿಳಿನೀರನ್ನು ಹೊರಬಿಡುತ್ತದೆ. ದಿನಕ್ಕೆ ಹಲವು ಲೀಟರ್, ಕೂಲಿಯಿಲ್ಲದೆ. ಇನ್ನೊಂದು ಸೋಜಿಗ: ಸಿಹಿನೀರಿನ ಕಪ್ಪೆಚಿಪ್ಪಿನ ಮರಿಗಳು ಮೀನಿನ ಕಿವಿರಿಗೆ ಅಂಟಿಕೊಂಡು ಕೆಲಕಾಲ ಬೆಳೆದು ಆಮೇಲೆ ತಳಕ್ಕಿಳಿಯುತ್ತವೆ. ಮೀನೇ ಅವುಗಳ ಬಸ್ಸು. ಇಷ್ಟು ನಾಜೂಕಾದ ಬದುಕು ಅದು. ಆದರೆ ಯಾವುದು ಪಾಚಿ, ಯಾವುದು ಪ್ಲಾಸ್ಟಿಕ್ ಎಂದು ಆರಿಸುವುದು ಎಲ್ಲ ಸಲವೂ ಅದಕ್ಕೆ ಸಾಧ್ಯವಿಲ್ಲ. ಸಮುದ್ರದ ನೀಲಿ ಚಿಪ್ಪುಜೀವಿಗಳ ಮೇಲೆ ಮಾರ್ಕ್ ಬ್ರೌನ್ ಮತ್ತು ಜೊತೆಗಾರರು 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ನುಂಗಿದ ಪ್ಲಾಸ್ಟಿಕ್ ಕಣಗಳು ಕರುಳಿನಿಂದ ರಕ್ತಕ್ಕೆ ದಾಟಿ 48 ದಿನ ಕಳೆದ ಮೇಲೂ ಅಲ್ಲೇ ಉಳಿದಿದ್ದವು.

ಮರಳಿನಲ್ಲಿ ಬಿಲ ತೋಡಿ ಬದುಕುವ ಕಡಲಹುಳುವಿನ ಮೇಲೆ ಆದ ಪ್ರಯೋಗ ಇನ್ನೂ ಕಳವಳದ್ದು. 2013ರಲ್ಲಿ ಬ್ರಿಟನ್ನಿನ ಸಂಶೋಧಕರು ಕೆಸರಿಗೆ ಪಿವಿಸಿ ಪುಡಿ ಬೆರೆಸಿ ಈ ಹುಳುಗಳನ್ನು ಬಿಟ್ಟರು. ತೂಕದಲ್ಲಿ ನೂರಕ್ಕೆ ಐದು ಪಾಲು ಪುಡಿಯಿದ್ದಲ್ಲಿ ಹುಳುವಿನ ದೇಹದ ಶಕ್ತಿಯ ಸಂಗ್ರಹ ಅರ್ಧದಷ್ಟು ಕುಸಿಯಿತು. ಹುಳು ಸಾಯಲಿಲ್ಲ, ಇದನ್ನು ಗಮನಿಸಿ. ಬದುಕಿತು, ಆದರೆ ಕಡಿಮೆ ತಿಂದಿತು, ತಿಂದದ್ದು ಹೊಟ್ಟೆಯಲ್ಲೇ ಹೆಚ್ಚು ಹೊತ್ತು ನಿಂತಿತು. ಮದುವೆಮನೆಯ ಪಂಕ್ತಿಗೆ ಮೊದಲೇ ಸೋಡಾ ಕುಡಿದು ಹೊಟ್ಟೆ ಉಬ್ಬಿಸಿಕೊಂಡವನಿಗೆ ಹೋಳಿಗೆ ಇಳಿಯದ ಹಾಗೆ. ಶಕ್ತಿಯಿಲ್ಲದ ಹುಳು ಮರಳನ್ನು ತಿರುವಿಹಾಕುವುದಿಲ್ಲ. ತಿರುವಿಹಾಕದ ಮರಳಿಗೆ ಗಾಳಿ ಇಳಿಯುವುದಿಲ್ಲ. ಗಾಳಿಯಿಲ್ಲದ ತಳದಲ್ಲಿ ಮಿಕ್ಕ ಜೀವಗಳೂ ನಿಲ್ಲುವುದಿಲ್ಲ. ಜರ್ಮನಿಯ ತೊರೆಯೊಂದರಲ್ಲಿ, ಮರಳುಕಣ ಅಂಟಿಸಿ ಮೈಗೆ ಗೂಡು ಕಟ್ಟಿಕೊಳ್ಳುವ ಹುಳುಗಳ ಗೂಡಿನೊಳಗೇ ಪ್ಲಾಸ್ಟಿಕ್ ಚೂರು ಸಿಕ್ಕಿತು. ಮನೆಯ ಗೋಡೆಗೂ ಅದೇ, ಊಟಕ್ಕೂ ಅದೇ.

ಇದೆಲ್ಲ ಹೊರದೇಶದ ಮಾತು ಎಂದು ತಳ್ಳಿಹಾಕಬೇಡಿ. ನಮ್ಮದೇ ರಾಜ್ಯದ ನೇತ್ರಾವತಿ ಹೊಳೆಯನ್ನು ಮಣಿಪಾಲದ ಸಂಶೋಧಕರು ಮೇಲಿನಿಂದ ಕಡಲವರೆಗೆ ಪರೀಕ್ಷಿಸಿ 2020ರಲ್ಲಿ ವರದಿ ಮಾಡಿದರು. ನೀರಿನಲ್ಲಿ, ತಳದ ಕೆಸರಿನಲ್ಲಿ, ದಂಡೆಯ ಮಣ್ಣಿನಲ್ಲಿ, ಮೂರರಲ್ಲೂ ಮೈಕ್ರೋಪ್ಲಾಸ್ಟಿಕ್ ಇತ್ತು. ಹಸಿರು ಘಟ್ಟದಿಂದ ಇಳಿಯುವ ಹೊಳೆಯ ಗತಿ ಅದಾದರೆ, ಅಷ್ಟೊಂದು ಪಟ್ಟಣಗಳನ್ನು ಹಾಯ್ದು ಬರುವ ತುಂಗಭದ್ರೆಯದು ಏನಿರಬಹುದೆಂದು ನೀವೇ ಅಂದಾಜು ಮಾಡಿ. ಈ ಹೊಳೆಯ ತಳವನ್ನೂ ಹಾಗೆಯೇ ಅಡಿಯಿಂದ ಮುಡಿಯವರೆಗೆ ಜಾಲಾಡುವ ಹುಡುಗ ಹುಡುಗಿಯರು ನಮ್ಮ ಕಾಲೇಜುಗಳಿಂದಲೇ ಹೊರಡಬೇಕೆಂದು ನನ್ನ ಆಸೆ. ವಿಜ್ಞಾನ ಓದುತ್ತಿರುವವರು ಯೋಚಿಸಿ.

ಹೊಳೆಯ ತಳದ ಕತೆ ಹೊಳೆಯಲ್ಲೇ ಮುಗಿಯುವುದಿಲ್ಲ. 2015ರ ಕೊನೆಯ ಚಳಿಗಾಲದಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಸುತ್ತಲಿನ ಹೊಳೆಗಳಿಗೆ ಭಾರಿ ಪ್ರವಾಹ ಬಂತು. ಅದಕ್ಕೆ ಮೊದಲು ಮತ್ತು ಆಮೇಲೆ ತಳದ ಕೆಸರು ತೆಗೆದು ಎಣಿಸಿದವರಿಗೆ ಕಂಡದ್ದು, ತಳದಲ್ಲಿದ್ದ ಮೈಕ್ರೋಪ್ಲಾಸ್ಟಿಕ್‌ನಲ್ಲಿ ನೂರಕ್ಕೆ ಸುಮಾರು 70 ಪಾಲನ್ನು ಪ್ರವಾಹ ಗುಡಿಸಿಕೊಂಡು ಹೋಗಿತ್ತು. ಎಲ್ಲಿಗೆ? ಕಡಲಿಗೆ. ನಮ್ಮಲ್ಲಿ 2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟಿನ ಚೈನು ಕಳಚಿದಾಗ ಎಲ್ಲರ ಎದೆ ನಡುಗಿತು. ಕಂಪ್ಲಿಯವರಂತೂ ಸೇತುವೆ ಮುಳುಗುವ ಚಿಂತೆಯಲ್ಲಿ ಕಣ್ಣು ಮುಚ್ಚಲಿಲ್ಲ. ಅಂಥ ನೀರು ಹೋಗುವಾಗ ಹೊಳೆಯ ಪಾತ್ರದಲ್ಲಿ ನಾವು ಇಟ್ಟದ್ದನ್ನೆಲ್ಲ ಹೊತ್ತುಕೊಂಡೇ ಹೋಗುತ್ತದೆ. ಕಂಪ್ಲಿ ದಾಟಿ, ಮಂತ್ರಾಲಯ ದಾಟಿ, ಕರ್ನೂಲಿನ ಆಚೆ ಕೃಷ್ಣೆಗೆ ಸೇರಿ, ಶ್ರೀಶೈಲ, ನಾಗಾರ್ಜುನಸಾಗರಗಳಲ್ಲಿ ಒಂದಿಷ್ಟು ಇಳಿಸಿ, ಉಳಿದದ್ದು ಬಂಗಾಳ ಕೊಲ್ಲಿಗೆ. ಹೊಸಪೇಟೆಯಿಂದ ಕಡಲು ದೂರ ಎನ್ನುವುದು ಬಸ್ಸಿನವರ ಲೆಕ್ಕ, ಹೊಳೆಯ ಲೆಕ್ಕವಲ್ಲ.

ಕಡಲಿನ ತಳದಲ್ಲಿ ಏನಿದೆ? ಇಟಲಿಯ ಪಕ್ಕದ ಟಿರೇನಿಯನ್ ಕಡಲಿನ ತಳದಲ್ಲಿ ಒಂದು ಕಡೆ, ಒಂದು ಚದರ ಮೀಟರಿನ ತೆಳು ಪದರದಲ್ಲಿ 19 ಲಕ್ಷ ಚೂರುಗಳಿದ್ದವೆಂದು 2020ರಲ್ಲಿ ವರದಿಯಾಯಿತು. ಅದರಲ್ಲಿ ಹೆಚ್ಚಿನವು ಬಟ್ಟೆಯ ನೂಲಿನ ಎಳೆಗಳು. ತಳದ ಪ್ರವಾಹಗಳು ಜೀವಿಗಳಿಗೆ ಉಸಿರು, ಅನ್ನ ತಂದುಕೊಡುವ ಜಾಗಕ್ಕೇ ಈ ಎಳೆಗಳನ್ನೂ ತಂದು ಗುಡ್ಡೆ ಹಾಕುತ್ತವಂತೆ. ಪೆಸಿಫಿಕ್ ಸಾಗರದ ಆರು ಆಳದ ಕಂದಕಗಳಿಂದ ಸೀಗಡಿಯ ಬಳಗದ ಸಣ್ಣ ಜೀವಿಗಳನ್ನು ಹಿಡಿದು ಅಲನ್ ಜೇಮೀಸನ್ ತಂಡ 2019ರಲ್ಲಿ ಪರೀಕ್ಷಿಸಿತು. 90ರಲ್ಲಿ 65 ಜೀವಿಗಳ ಹೊಟ್ಟೆಯಲ್ಲಿ ನಾರೋ ಚೂರೋ ಇತ್ತು. ಹೆಚ್ಚುಕಡಿಮೆ ಹನ್ನೊಂದು ಕಿಲೋಮೀಟರ್ ಆಳದ ಮರಿಯಾನಾ ಕಂದಕದ ತಳದಿಂದ ಹಿಡಿದವುಗಳಲ್ಲಿ ಒಂದೂ ಬರಿಹೊಟ್ಟೆಯದಾಗಿರಲಿಲ್ಲ. ಮರುವರ್ಷ ಅಂಥದೇ ಹೊಸ ಪ್ರಭೇದವೊಂದಕ್ಕೆ ವಿಜ್ಞಾನಿಗಳು ‘ಯೂರಿಥಿನೀಸ್ ಪ್ಲಾಸ್ಟಿಕಸ್’ ಎಂದೇ ನಾಮಕರಣ ಮಾಡಿದರು. ಮನುಷ್ಯರು ಮೊದಲ ಸಲ ಕಂಡ ಜೀವಿ, ಆಗಲೇ ಅದರ ಹೊಟ್ಟೆಯಲ್ಲಿ ನಮ್ಮ ಬಾಟಲಿಯ ಜಾತಿಯ ಪ್ಲಾಸ್ಟಿಕ್.

ಈಗ ಸಂಡೂರಿನ ಮಕ್ಕಳು ಸ್ವಲ್ಪ ಕೇಳಿ. ಗಣಿಯ ಭರಾಟೆಯ ವರ್ಷಗಳಲ್ಲಿ ನಾರಿಹಳ್ಳದ ನೀರು ಕೆಂಪಾಗಿ ಹರಿದದ್ದನ್ನು ನಿಮ್ಮ ಅಪ್ಪ ಅಮ್ಮ ನೋಡಿದ್ದಾರೆ. ಎಲೆ ಕೆಂಪು, ಬಟ್ಟೆ ಕೆಂಪು, ರೊಟ್ಟಿಯ ಮೇಲೆ ಧೂಳು. ಕಣ್ಣಿಗೆ ಕಂಡದ್ದರಿಂದ ಜನ ಮಾತಾಡಿದರು, ಸಮಾಜ ಪರಿವರ್ತನ ಸಮುದಾಯದವರು ಸುಪ್ರೀಂ ಕೋರ್ಟಿಗೆ ಹೋದರು, ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂತು, 2011ರ ಜುಲೈನಲ್ಲಿ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕಿತು. ಆಮೇಲೆ ಕಟ್ಟುನಿಟ್ಟಿನ ಮೇಲೆ ಮತ್ತೆ ಶುರುವಾದದ್ದು ಬೇರೆ ಮಾತು. ಆ ಮಾಲಿನ್ಯಕ್ಕೆ ಬಣ್ಣವಿತ್ತು, ಮಾಲೀಕರಿದ್ದರು, ಲಾರಿಗೆ ನಂಬರ್ ಪ್ಲೇಟ್ ಇತ್ತು. ಈ ಪ್ಲಾಸ್ಟಿಕ್ ಪುಡಿಗೆ ಯಾವುದೂ ಇಲ್ಲ. ಕುಮಾರಸ್ವಾಮಿ ಬೆಟ್ಟಕ್ಕೆ ಮಳೆಗಾಲದ ಹಸಿರು ನೋಡಲು ಬಂದವರು ಬಿಟ್ಟ ಕುರ್‌ಕುರೆ ಪ್ಯಾಕೆಟ್ಟಿಗೆ ಯಾರ ಮೇಲೆ ಕೇಸು ಹಾಕುವುದು? ಅದಕ್ಕೇ ನಾನು ಕೋರ್ಟಿಗೆ ಹೇಳದೆ ನಿಮಗೆ ಹೇಳುತ್ತಿರುವುದು.

ಹಂಪಿಯ ವಿಷಯಕ್ಕೆ ಬರುತ್ತೇನೆ. 1520ರ ಆಸುಪಾಸಿನಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಆನೆಗೊಂದಿಗೆ ದಾಟುವ ಬುಟ್ಟಿಯಾಕಾರದ ಹರಿಗೋಲುಗಳನ್ನು ನೋಡಿ ಬರೆದಿಟ್ಟಿದ್ದಾನೆ: ಒಳಗೆ ಬೆತ್ತ, ಹೊರಗೆ ಚರ್ಮ. ನಾನು ಚಿಕ್ಕವನಿದ್ದಾಗಲೂ ಚರ್ಮದ ಹರಿಗೋಲು ಇದ್ದವು. ಈಗ ಬಿದಿರಿನ ಬುಟ್ಟಿಗೆ ಪ್ಲಾಸ್ಟಿಕ್ ಹಾಳೆ ಸುತ್ತಿ ಡಾಂಬರು ಬಳಿಯುತ್ತಾರೆ. ಬಂಡೆಗೆ ಉಜ್ಜಿ ಉಜ್ಜಿ ಅದು ಸವೆಯುತ್ತದೆ, ಸವೆದದ್ದು ಹೊಳೆಗೆ. ತೆಪ್ಪ ನಡೆಸುವ ಬಡವನನ್ನು ದೂರಲು ಇದನ್ನು ಹೇಳುತ್ತಿಲ್ಲ. ಅವನ ಹೊಟ್ಟೆಪಾಡು ಅದು, ಚರ್ಮ ಎಲ್ಲಿ ಸಿಗಬೇಕು? ಅವನ ತೆಪ್ಪದಲ್ಲಿ ಕೂತು ನೀರಿನ ಬಾಟಲಿ ತೇಲಿಬಿಟ್ಟು ವಿಡಿಯೊ ಮಾಡುವವರನ್ನು ಕಂಡರೆ ನನಗೆ ಸಿಟ್ಟು. ಅರಮನೆ ಆವರಣದ ಹತ್ತಿರ ಕಾಲುವೆ ಪಕ್ಕ ಕಲ್ಲಿನಲ್ಲೇ ಕೊರೆದ ಊಟದ ತಟ್ಟೆಗಳಿವೆಯಲ್ಲ, ಅನ್ನಕ್ಕೊಂದು ಅಗಲ, ಪಲ್ಯಕ್ಕೊಂದು ಗುಣಿ. ಅದರ ಮುಂದೆ ನಿಂತು ಸೆಲ್ಫಿ ತೆಗೆದು, ಆಮೇಲೆ ಥರ್ಮೊಕೋಲ್ ತಟ್ಟೆಯಲ್ಲಿ ಚಿತ್ರಾನ್ನ ತಿನ್ನುವವರ ಬಗ್ಗೆ ಏನು ಹೇಳಲಿ!

ಡ್ಯಾಮಿನ ಕೆಳಗಿನಿಂದ ಕಂಪ್ಲಿವರೆಗಿನ ಸುಮಾರು 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ನೀರುನಾಯಿ ಸಂರಕ್ಷಿತ ಪ್ರದೇಶವೆಂದು ಸಾರಿದ್ದು ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ನೀರುನಾಯಿ ಮೀನು ತಿನ್ನುತ್ತದೆ, ಏಡಿ ತಿನ್ನುತ್ತದೆ. ಏಡಿ ತಿನ್ನುವುದು ತಳದಲ್ಲಿ ಸಿಕ್ಕಿದ್ದನ್ನು. ತಳ ಕೆಟ್ಟರೆ ಸಂರಕ್ಷಿತ ಪ್ರದೇಶದ ಬೋರ್ಡು ಮಾತ್ರ ಉಳಿಯುತ್ತದೆ.

ಹಾಗಾದರೆ ಏನು ಮಾಡಬೇಕು ಎನ್ನುತ್ತೀರಿ. ಮೊದಲು ಬಟ್ಟೆಯಿಂದ ಶುರುಮಾಡಿ, ಯಾರೂ ಅದರ ಬಗ್ಗೆ ಮಾತಾಡುವುದಿಲ್ಲ. ಒಂದೇ ಒಂದು ಪಾಲಿಯೆಸ್ಟರ್ ಬಟ್ಟೆ ಒಂದು ಒಗೆತಕ್ಕೆ 1,900ಕ್ಕಿಂತ ಹೆಚ್ಚು ಎಳೆಗಳನ್ನು ಬಿಡಬಲ್ಲದೆಂದು 2011ರಲ್ಲೇ ಅಳೆದಿದ್ದಾರೆ. ನಮ್ಮ ಮನೆಯ ವಾಷಿಂಗ್ ಮಷಿನ್ ನೀರು ಚರಂಡಿಗೆ, ಚರಂಡಿ ಹಳ್ಳಕ್ಕೆ. ಆನ್‌ಲೈನಿನಲ್ಲಿ ಇನ್ನೂರು ರೂಪಾಯಿಗೆ ಸಿಗುತ್ತದೆಂದು ಮೂರು ಒಗೆತಕ್ಕೆ ಹರಿಯುವ ಟೀಶರ್ಟು ರಾಶಿ ಹಾಕಬೇಡಿ. ಹತ್ತಿಬಟ್ಟೆ ನಮ್ಮ ಹವೆಗೂ ಹಿತ. ಸಂಡೂರಿನ ಲಂಬಾಣಿ ತಾಯಂದಿರು ಕಸೂತಿ ಹಾಕುವ ಹತ್ತಿಬಟ್ಟೆಯನ್ನು ಊರಾಚೆಯವರು ಹುಡುಕಿಕೊಂಡು ಬಂದು ಕೊಳ್ಳುತ್ತಾರೆ, ನಾವು ಸೂರತ್ತಿನ ಪಾಲಿಯೆಸ್ಟರ್ ಉಟ್ಟು ಬೆವರುತ್ತೇವೆ. ಇರುವ ಪಾಲಿಯೆಸ್ಟರ್ ಬಟ್ಟೆಯನ್ನು ಎಸೆಯಿರಿ ಎನ್ನುತ್ತಿಲ್ಲ. ಒಂದು ಹೊತ್ತು ಹಾಕಿದ್ದಕ್ಕೆಲ್ಲ ಮಷಿನ್ ತಿರುಗಿಸಬೇಡಿ, ತಣ್ಣೀರಿನಲ್ಲಿ, ಮಷಿನ್ ತುಂಬಿದಾಗ ಒಗೆಯಿರಿ. ಹುಣ್ಣಿಮೆಗೆ ಹುಲಿಗೆಮ್ಮನಿಗೆ ಹೋದಾಗ, ಮಿಂದು ಉಟ್ಟಬಟ್ಟೆಯನ್ನು ಹೊಳೆಗೆ ಬಿಡಲು ಹೊರಟ ನಿಮ್ಮ ಚಿಕ್ಕಮ್ಮ, ದೊಡ್ಡಮ್ಮನ ಕೈಹಿಡಿದು ಮೆತ್ತಗೆ ತಡೆಯಿರಿ. ತೀರ್ಥಕ್ಷೇತ್ರಗಳ ಹೊಳೆಯಲ್ಲಿ ಬಟ್ಟೆ ಬಿಡುವುದನ್ನು ತಡೆಯಬೇಕೆಂದು, ದಂಡೆಯಲ್ಲಿ ಸೋಪು, ಶಾಂಪೂ ಮಾರಬಾರದೆಂದು 2025ರ ಮಾರ್ಚ್‌ನಲ್ಲಿ ಅರಣ್ಯ ಸಚಿವರೇ ಸೂಚನೆ ಕೊಟ್ಟರು. ಹಿರಿಯರು ಸಚಿವರ ಮಾತು ಕೇಳದಿದ್ದರೂ ಮೊಮ್ಮಕ್ಕಳ ಮಾತು ಕೇಳುತ್ತಾರೆ.

ಚಹಾದ ಕಪ್ಪು ಇನ್ನೊಂದು. ಕಾಗದದ್ದು ಎಂದು ನಂಬಿಕೊಂಡಿದ್ದೀರಿ. ಒಳಗೆ ತೆಳ್ಳಗೆ ಪ್ಲಾಸ್ಟಿಕ್ ಪೊರೆಯಿದೆ. 100 ಮಿಲಿಲೀಟರ್ ಬಿಸಿ ಪಾನೀಯ ಅದರಲ್ಲಿ 15 ನಿಮಿಷ ನಿಂತರೆ ಸುಮಾರು 25,000 ಕಣಗಳು ಬಿಡುಗಡೆಯಾಗುತ್ತವೆಂದು ಖರಗಪುರದ ಐಐಟಿಯವರು ಹೇಳಿದ್ದಾರೆ. ಗಾಜಿನ ಲೋಟ ಕೇಳಿ. ಅಂಗಡಿಯವನು ಗೊಣಗಿದರೆ ಗೊಣಗಲಿ. ಹೋಟೆಲಿನ ಸಾಂಬಾರಿಗೆ ಮನೆಯಿಂದ ಡಬ್ಬಿ ಒಯ್ಯುವುದಕ್ಕೆ ನಾಚಿಕೆ ಯಾಕೆ, ನಿಮ್ಮಜ್ಜಿ ಎಣ್ಣೆಗೆ ಬಾಟಲಿ ಒಯ್ಯುತ್ತಿದ್ದರಲ್ಲ.

ಕಂಪ್ಲಿಯ ರೈತರ ಮಕ್ಕಳಿಗೆ ಬೇರೆಯೇ ಮಾತಿದೆ. ಗದ್ದೆ ಬದುವಿನಲ್ಲಿ ಗೊಬ್ಬರದ ಚೀಲ, ಬಾಳೆತೋಟದ ಹರಿದ ಡ್ರಿಪ್ ಪೈಪು, ಹಳೇ ಹೊದಿಕೆ ಹಾಳೆ ಬಿದ್ದಿರುತ್ತವೆ. ಸುಟ್ಟರೆ ಹೊಗೆ, ಬಿಟ್ಟರೆ ಪುಡಿ. ಬೆಳೆ ಎದ್ದ ಮೇಲೆ ಅಪ್ಪನ ಜೊತೆ ಒಂದು ಬೆಳಿಗ್ಗೆ ಹೊಲ ಸುತ್ತಿ ಅವನ್ನು ಆರಿಸಿ ಗುಜರಿಗೆ ಹಾಕಿ, ನಾಲ್ಕು ಕಾಸೂ ಸಿಗುತ್ತದೆ.

ಇಡಿಯಾಗಿ ಇರುವಾಗ ಪ್ಲಾಸ್ಟಿಕ್ ಕೈಗೆ ಸಿಗುತ್ತದೆ. ಒಂದು ಬಾಟಲಿಯನ್ನು ಎತ್ತಲು ಒಂದು ಸಲ ಬಗ್ಗಿದರೆ ಸಾಕು. ಅದೇ ಪುಡಿಯಾದ ಮೇಲೆ ಯಾವ ಸರ್ಕಾರ, ಯಾವ ಯಂತ್ರ, ಯಾವ ದುಡ್ಡೂ ಅದನ್ನು ಹೊಳೆಯ ತಳದಿಂದ ಆರಿಸಲಾರದು. ಆದ್ದರಿಂದ ಈ ಕೆಲಸಕ್ಕೆ ಒಂದು ಹಂಗಾಮಿದೆ. ಬೇಸಿಗೆಯಲ್ಲಿ ಕಾಲುವೆ ಬಂದ್ ಆಗಿ ತಳ ಕಾಣುತ್ತದಲ್ಲ, ಹಳ್ಳಗಳು ಒಣಗಿ ನಿಲ್ಲುತ್ತವಲ್ಲ, ಆಗ. ಮುಂಗಾರು ಬಂದು ಕಾಲುವೆಗೆ ನೀರು ಬಿಡುವುದರೊಳಗೆ. ಕ್ರಿಕೆಟ್ ಟೂರ್ನಮೆಂಟಿಗೆ ಓಣಿಓಣಿಯಿಂದ ತಂಡ ಕಟ್ಟುವ ನಿಮಗೆ ಇದು ದೊಡ್ಡದಲ್ಲ. ಬೆಳಿಗ್ಗೆ ಆರಕ್ಕೆ ಹೊರಟು ಬಿಸಿಲೇರುವ ಮುನ್ನ ಮುಗಿಸಿ. ಆರಿಸಿದ್ದನ್ನು ದಂಡೆಯಲ್ಲೇ ಗುಡ್ಡೆ ಹಾಕಿ ಫೋಟೊ ತೆಗೆದು ಬರಬೇಡಿ, ಮೊದಲ ಮಳೆಗೆ ಅದು ಮತ್ತೆ ನೀರಿಗೆ ಹೋಗುತ್ತದೆ. ನಗರಸಭೆಯ, ಪಂಚಾಯಿತಿಯ ಗಾಡಿ ಬರುವವರೆಗೆ ಇಬ್ಬರು ಅಲ್ಲೇ ನಿಲ್ಲಿ. ಬಾರದಿದ್ದರೆ ಫೋನು ಮಾಡಿ, ಮತ್ತೆ ಮಾಡಿ.